ಖಾರಘರದಲ್ಲಿ ನಿಂತ ಪದ್ಮಿನಿ

2025ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾರಿಗೆ ನಡುಕ ಶುರುವಾಯಿತು. ಉತ್ಸವ್ ಚೌಕದ ಹತ್ತಿರ ವಾಹನಗಳ ಸಾಲಿನಲ್ಲಿ ನಿಂತಿದ್ದೆ. ಒಳಗಿನ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಂಡಿತು. ಕಣ್ಣು ತೋರಿಸಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಸ್ಟಿಯರಿಂಗ್ ಪಕ್ಕದ ಗೇರಿನ ಹಿಡಿಯೂ ಅದುರುತ್ತಿತ್ತು, ಡ್ಯಾಶ್‌ಬೋರ್ಡ್ ಮೇಲಿಟ್ಟ ಚಿಲ್ಲರೆಯೂ ಕುಣಿಯುತ್ತಿತ್ತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಎಲ್ಲ ಶಾಂತ. ಕಾಲು ತೆಗೆದರೆ ಮತ್ತೆ ಮಲೇರಿಯಾ ಬಂದವರ ಹಾಗೆ ನಡುಕ.

ಕಾರು ಪ್ರೀಮಿಯರ್ ಪದ್ಮಿನಿ. ಮೊದಲ ನೋಂದಣಿ 1985ರ ಡಿಸೆಂಬರಿನದು. ಅಪ್ಪ ಅದನ್ನು 1989ರಲ್ಲಿ ಘಾಟ್‌ಕೋಪರಿನ ಒಬ್ಬ ವ್ಯಾಪಾರಿಯಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆ ವ್ಯಾಪಾರಿ ಮಾರುತಿ ಕೊಂಡಿದ್ದರು, ಮನೆಯಲ್ಲಿ ಎರಡು ಕಾರಿಗೆ ಜಾಗವಿರಲಿಲ್ಲ. ನಮ್ಮ ಕಷ್ಟವೂ ಈಗ ಅದೇ. ಸೊಸೈಟಿಯಲ್ಲಿ ನಮಗಿರುವುದು ಒಂದೇ ಪಾರ್ಕಿಂಗ್. ಅದರಲ್ಲಿ ಪದ್ಮಿನಿ ನಿಲ್ಲುತ್ತದೆ. ಕಂತು ಕಟ್ಟುತ್ತಿರುವ ಹೊಸ ಕಾರು ಹೊರಗೆ ರಸ್ತೆಯಲ್ಲಿ ಬಿಸಿಲು ಮಳೆ ತಿನ್ನುತ್ತದೆ. ನನ್ನ ಹೆಂಡತಿ ಈ ವಿಚಾರವನ್ನು ವರ್ಷಕ್ಕೆ ಎರಡು ಸಲ ಎತ್ತುತ್ತಾಳೆ, ಅದೂ ಅಪ್ಪ ವಾಕಿಂಗ್‌ಗೆ ಹೋದಾಗ. ಅವಳ ಮಾತಿನಲ್ಲಿ ತಪ್ಪಿಲ್ಲ.

ಈ ಸಲ ಸುಮ್ಮನಿರುವ ಹಾಗಿರಲಿಲ್ಲ. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನಮ್ಮದು 2000ದಿಂದ ಐದು ಸಲ ಆಗಿತ್ತು. ಹಿಂದೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000. ಹಣ ಕಟ್ಟಿದರೆ ಸಾಲದು, ಕಾರನ್ನು ತಪಾಸಣೆಗೆ ಒಯ್ಯಬೇಕು. ಹೀಗೆ ನಡುಗುವ ಕಾರನ್ನು ಒಯ್ಯುವುದು ಹೇಗೆ? ಡಿಸೆಂಬರಿಗೆ ಮೂರು ತಿಂಗಳೂ ಇರಲಿಲ್ಲ.

ಮನೆ ಹತ್ತಿರದ ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿ ಸ್ವಲ್ಪ ಹೊತ್ತು ನೋಡಿದ. ಅವನ ಕೈಯಲ್ಲಿದ್ದ ಸ್ಕ್ಯಾನರ್ ಚುಚ್ಚಲು ಈ ಕಾರಿನಲ್ಲಿ ತೂತೇ ಇಲ್ಲ. "ಅಂಕಲ್, ಎಂಜಿನ್ ಮುಗಿದಿದೆ. ಬೋರ್ ಮಾಡಿಸಬೇಕು, ಎಂಬತ್ತು ತೊಂಬತ್ತು ಸಾವಿರ ಆಗುತ್ತದೆ, ಪಾರ್ಟ್ಸ್ ಸಿಕ್ಕಿದರೆ. ಗುಜರಿಗೆ ಹಾಕಿದರೆ ಇಪ್ಪತ್ತೆರಡು ಸಿಗಬಹುದು" ಅಂದ. ಒರಟಾಗಿ ಹೇಳಲಿಲ್ಲ, ಲೆಕ್ಕ ಹೇಳಿದ ಅಷ್ಟೇ. 2021ರಲ್ಲಿ ಬಂದ ಗುಜರಿ ನೀತಿಯ ಪ್ರಕಾರ ಅಧಿಕೃತ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆದರೆ ಹೊಸ ಕಾರಿನ ತೆರಿಗೆಯಲ್ಲಿ ಶೇಕಡಾ 25ರವರೆಗೆ ವಿನಾಯಿತಿಯೂ ಉಂಟು. ನಾನು ಆವತ್ತು ರಾತ್ರಿ ಬಹುಮಟ್ಟಿಗೆ ಒಪ್ಪಿಕೊಂಡಿದ್ದೆ.

ಅಪ್ಪನಿಗೆ ಹೇಳಿದಾಗ ಅವರು ಪೇಪರಿನಿಂದ ತಲೆಯೆತ್ತಲಿಲ್ಲ. "ಎಂಜಿನ್ ಮುಗಿದದ್ದು ಅಂತ ಅವನಿಗೆ ಹೇಗೆ ಗೊತ್ತಾಯಿತು ಮಾರಾಯ? ಬಿಚ್ಚಿ ನೋಡಿದನಾ? ಕುರ್ಲಾಕ್ಕೆ ತೆಗೆದುಕೊಂಡು ಹೋಗು. ಅದು ವಿಶ್ವೇಶ್ವರಯ್ಯನವರ ಕಾರು, ಹಾಗೆ ಮುಗಿಯುವುದಿಲ್ಲ" ಅಂದರು.

ವಿಶ್ವೇಶ್ವರಯ್ಯನವರ ಕಾರು! ಈ ಮಾತನ್ನು ನಾನು ಚಿಕ್ಕವನಿದ್ದಾಗಿನಿಂದ ಕೇಳಿದ್ದೇನೆ. ಅಪ್ಪ 1961ರಲ್ಲಿ ಹದಿನೇಳು ವರ್ಷದವರಾಗಿ ಕುಂದಾಪುರ ಕಡೆಯಿಂದ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಕೂತವರು. ಆಮೇಲೆ ಕುರ್ಲಾದಲ್ಲಿ, ಪ್ರೀಮಿಯರ್ ಕಾರ್ಖಾನೆಯ ಗೇಟಿನಿಂದ ಸ್ವಲ್ಪ ದೂರದ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತರು, ಕೊನೆಗೆ ಅದರಲ್ಲೇ ಪಾಲುದಾರರಾದರು. ಪಾಳಿ ಬದಲಾಗುವ ಹೊತ್ತಿಗೆ ಚಹಾ, ಉಸಲ್, ಇಡ್ಲಿಗೆ ಬರುತ್ತಿದ್ದ ಕಾರ್ಮಿಕರ ಬಾಯಿಂದ ಕೇಳಿದ ಸುದ್ದಿಯನ್ನು ಅಪ್ಪ ಇಂದಿಗೂ ಇತಿಹಾಸವೆಂದೇ ನಂಬಿದ್ದಾರೆ. ಊರಿನವರು ಎಲ್ಲದಕ್ಕೂ ವಿಶ್ವೇಶ್ವರಯ್ಯನವರ ಹೆಸರು ಸೇರಿಸುತ್ತಾರೆ, ಸೇತುವೆ ಕಂಡರೂ ಅವರೇ, ಗಡಿಯಾರ ಕಂಡರೂ ಅವರೇ. ಇದೂ ಹಾಗೆಯೇ ಎಂದು ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಕಾರನ್ನು ಗುಜರಿಗೆ ಹಾಕುವ ಮೊದಲು ಅಪ್ಪನ ಮಾತನ್ನು ಒಮ್ಮೆ ಪರೀಕ್ಷಿಸೋಣ ಎಂದು ಓದಲು ಕೂತೆ.

ಅಪ್ಪನ ಮಾತು ಅರ್ಧ ನಿಜ. ಆ ಅರ್ಧ ನಾನು ಎಣಿಸಿದ್ದಕ್ಕಿಂತ ದೊಡ್ಡದು.

ವಿಶ್ವೇಶ್ವರಯ್ಯನವರನ್ನು ನಾವು ಕನ್ನಂಬಾಡಿಯ ಜೊತೆ ಕಟ್ಟಿಹಾಕಿದ್ದೇವೆ. ಅವರ ನೌಕರಿ ಶುರುವಾದದ್ದು 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ. ಒಂದು ರೀತಿಯಲ್ಲಿ ಅವರೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಇತ್ತ ಬಂದವರೇ. ದಿವಾನಗಿರಿ ಬಿಟ್ಟು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ದಡ ಮುಟ್ಟಿಸಿ, ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ ಅವರು ಯೂರೋಪು ಅಮೆರಿಕಗಳಿಗೆ ಹೋದರು. ಕಾರಿನ ಕಾರ್ಖಾನೆಗಳನ್ನು ನೋಡಿಕೊಂಡು ಬರುವುದೇ ಆ ಪ್ರವಾಸದ ಉದ್ದೇಶ. ಮರಳಿ ಬಂದು ಮುಂಬಯಿಯಲ್ಲಿ ಕಾರು ತಯಾರಿಸುವ ಯೋಜನೆಯೊಂದನ್ನು ಬರೆದರು. 1937ರಲ್ಲಿ ಬಿ. ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ಅದು ಈ ಯೋಜನೆಗೆ ಬೆನ್ನೆಲುಬಾಗಿ ನಿಲ್ಲಲು ಒಪ್ಪಿತು. 1939ರಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಯೋಜನೆ ಕಾಗದದಲ್ಲಿ ಉಳಿಯಿತು.

ಅದನ್ನು ಕೈಗೆತ್ತಿಕೊಂಡವರು ವಾಲ್ಚಂದ್ ಹೀರಾಚಂದ್. ಅರ್ಧ ಕನ್ನಡದ ಗಾಳಿ ಬೀಸುವ ಸೊಲ್ಲಾಪುರದಲ್ಲಿ ಹುಟ್ಟಿದ ಗುಜರಾತಿ. ಫೋರ್ಡ್ ಜೊತೆಗಿನ ಅವರ ಮಾತುಕತೆ ಫಲಿಸಲಿಲ್ಲ. ಕ್ರೈಸ್ಲರ್ ಒಪ್ಪಿತು. ಜಾಗ ಎಲ್ಲಿ? ಈಗ ನಮಗೆ ಕುತೂಹಲದ ಭಾಗ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಕಾರ್ಖಾನೆ ಬೆಂಗಳೂರಿಗೆ ಬರಲಿ ಎಂದು ಬಂಡವಾಳ ಹೂಡಲು ಮುಂದಾಯಿತು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧಕಾಲ, ಕಾರು ತುರ್ತಿನ ವಸ್ತುವಲ್ಲ ಎಂಬುದು ಹೊರಗೆ ಹೇಳಿದ ಕಾರಣ. ಅದೇ ವಾಲ್ಚಂದ್, ಅದೇ ಮೈಸೂರು ಸರ್ಕಾರ, 1940ರ ಡಿಸೆಂಬರಿನಲ್ಲಿ ಅದೇ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ಅದಕ್ಕೆ ಅಡ್ಡಿ ಬರಲಿಲ್ಲ, ಯುದ್ಧಕ್ಕೆ ವಿಮಾನ ಬೇಕಿತ್ತು. ಇವತ್ತಿನ ಎಚ್‌ಎಎಲ್ ಅದೇ. ಬೆಂಗಳೂರಿಗೆ ಕಾರಿಗಿಂತ ಮೊದಲು ವಿಮಾನ ಬಂತು. ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ 1944ರಲ್ಲಿ ನೋಂದಣಿಯಾಗಿ ಕುರ್ಲಾಕ್ಕೆ ಬಂತು. 1947ರಲ್ಲಿ ಅಲ್ಲಿಂದ ಮೊದಲ ಗಾಡಿಗಳು ಹೊರಬಂದವು. ಅವು ಡಾಜ್, ಪ್ಲಿಮತ್, ಡಿಸೋಟೊ. ಫಿಯೆಟ್ ಇನ್ನೂ ಬಂದಿರಲಿಲ್ಲ.

ಹಾಗಾದರೆ ನಮ್ಮ ಪದ್ಮಿನಿಯಲ್ಲಿ ವಿಶ್ವೇಶ್ವರಯ್ಯನವರದ್ದು ಏನಿದೆ? ಎಂಜಿನ್ ಅಲ್ಲ, ಅದು ಇಟಲಿಯದು. ಅವರದ್ದು ಒಂದು ಹಟ. ಮುಂಬಯಿಯಲ್ಲಿ ಅವರ ಯೋಜನೆಗೆ ಮೊದಲೇ ಕಾರುಗಳು ತಯಾರಾಗುತ್ತಿದ್ದವು ಎಂದು ಯಾರಾದರೂ ಹೇಳಬಹುದು. ಜನರಲ್ ಮೋಟರ್ಸ್ 1928ರಿಂದ ಶಿವಡಿಯಲ್ಲಿ ಕಾರು ಜೋಡಿಸುತ್ತಿತ್ತು, ಫೋರ್ಡ್ ಕೂಡ ಬಂದಿತ್ತು. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಇಲ್ಲಿ ಬೋಲ್ಟು ಬಿಗಿದು ಮಾರುವುದು. ವಿಶ್ವೇಶ್ವರಯ್ಯನವರು ಬಯಸಿದ್ದು ಜೋಡಿಸುವುದನ್ನಲ್ಲ, ತಯಾರಿಸುವುದನ್ನು. ಸ್ವಾತಂತ್ರ್ಯದ ಮೇಲೆ ಟ್ಯಾರಿಫ್ ಕಮಿಷನ್ 1953ರಲ್ಲಿ ಇದನ್ನೇ ನೀತಿಯಾಗಿ ಹೇಳಿತು: ಹಂತಹಂತವಾಗಿ ಭಾಗಗಳನ್ನು ಇಲ್ಲೇ ತಯಾರಿಸುವವರು ಇರಲಿ, ಬರೀ ಜೋಡಿಸುವವರು ಬೇಡ. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ವಾಲ್ಚಂದ್ ಅದೇ ವರ್ಷ ತೀರಿಕೊಂಡರು. ಅಷ್ಟರಲ್ಲಿ ಪ್ರೀಮಿಯರ್ ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. 1954ರಲ್ಲಿ ಫಿಯೆಟ್ 1100 ಕುರ್ಲಾಕ್ಕೆ ಬಂತು.

ಈ ನೀತಿಯನ್ನು ಬೈಯುವುದು ಈಗ ಸುಲಭ, ಬೈಯಲು ಕಾರಣವೂ ಇದೆ. ಇಟಲಿಯವರು 1969ರಲ್ಲಿ 1100ನ್ನು ನಿಲ್ಲಿಸಿದರು. ನಾವು 1964ರಲ್ಲಿ ಬಂದ ಡಿಲೈಟ್ ಮಾದರಿಗೆ 1973ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದು, 1974ರಲ್ಲಿ ಪದ್ಮಿನಿ ಎಂದು ಹೆಸರಿಟ್ಟು ಮತ್ತೆ ಕಾಲು ಶತಮಾನ ತೆಗೆದೆವು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮಳೆಯಲ್ಲಿ ಆ ಬ್ರೇಕನ್ನು ನಂಬಿ ಕಶೇಡಿ ಘಾಟಿ ಇಳಿದವರಿಗೆ ದೇವರ ನೆನಪು ತಾನಾಗಿ ಬರುತ್ತಿತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಬೆಲೆ ಸರ್ಕಾರವೇ ಗೊತ್ತು ಮಾಡುವುದು, ಕಂಪನಿ ಆ ಜಗಳವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತ್ತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೇ 1964ರ ಫಿಯೆಟ್ ಕೊಳ್ಳಲು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಸಾಲ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿಯವರು ಪಿಂಚಣಿಯಿಂದ ಅದನ್ನು ತೀರಿಸಿದರು. ಕುರ್ಲಾ ಕಾರ್ಖಾನೆಯ ಮುಂದಿನ ಹಳೆಯ ಆಗ್ರಾ ರಸ್ತೆಗೆ ಈಗ ಅವರದೇ ಹೆಸರು. ಎಲ್‌ಬಿಎಸ್ ಮಾರ್ಗದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ಆದರೆ ಅದೇ ನೀತಿಯಿಂದ ಇನ್ನೊಂದು ಆಯಿತು. ಒಂದು ಕಾರನ್ನು ಇಲ್ಲೇ ತಯಾರಿಸಬೇಕೆಂದರೆ ದೊಡ್ಡ ಕಾರ್ಖಾನೆಯೊಂದೇ ಸಾಲದು. ಬುಷ್, ಗ್ಯಾಸ್ಕೆಟ್, ರಬ್ಬರು, ಸ್ಪ್ರಿಂಗು, ವಾಲ್ವು, ಪಿನ್ನು ಮಾಡುವ ನೂರು ಕೈ ಬೇಕು. ಕುರ್ಲಾ, ಸಾಕಿನಾಕಾ, ಭಾಂಡುಪ್ ಕಡೆಯ ತಗಡಿನ ಶೆಡ್ಡುಗಳಲ್ಲಿ ಲೇಥುಗಳು ಆ ಭಾಗಗಳನ್ನು ಮಾಡಿದವು. ಅಸಲಿಯ ಪಕ್ಕದಲ್ಲೇ ನಕಲಿಯೂ ಹುಟ್ಟಿತು. ಅಪ್ಪನ ಹೋಟೆಲಿಗೆ ಬರುತ್ತಿದ್ದವರಲ್ಲಿ ಕಾರ್ಖಾನೆಯವರಿಗಿಂತ ಈ ಶೆಡ್ಡಿನವರೇ ಹೆಚ್ಚು, ಕೈಯ ಗ್ರೀಸು ಗ್ಲಾಸಿಗೆ ಹತ್ತುತ್ತಿತ್ತು, ಅದಕ್ಕೆ ಬೇರೆ ಗ್ಲಾಸು ಇಟ್ಟಿದ್ದರಂತೆ. ಅದರ ಬಗ್ಗೆ ಅಪ್ಪನಿಗೆ ಈಗ ಸ್ವಲ್ಪ ನಾಚಿಕೆ. ಇನ್ನೊಂದು ಕಡೆ ಮುಂಬಯಿಯ ಟ್ಯಾಕ್ಸಿಯೆಂದರೆ ಫಿಯೆಟ್ ಎಂದಾಯಿತು. ದಿನವಿಡೀ ಓಡುವ ಟ್ಯಾಕ್ಸಿಗೆ ದಿನವಿಡೀ ಭಾಗ ಬೇಕು, ಮೆಕ್ಯಾನಿಕ್ ಬೇಕು. ನಮ್ಮಂಥ ಖಾಸಗಿ ಮಾಲೀಕರು ಆ ಟ್ಯಾಕ್ಸಿಗಳ ನೆರಳಿನಲ್ಲಿ ಬದುಕಿದೆವು. ರಾತ್ರಿ ಹನ್ನೊಂದಕ್ಕೆ ಸಯನ್ ಹತ್ತಿರ ಕ್ಲಚ್ ವಯರ್ ತುಂಡಾದರೂ ಹತ್ತು ನಿಮಿಷದಲ್ಲಿ ಯಾರೋ ಒಬ್ಬರು ಹಾಕಿಕೊಡುತ್ತಿದ್ದರು.

ಅಕ್ಟೋಬರಿನ ಒಂದು ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಕುರ್ಲಾಕ್ಕೆ ಹೊರಟೆ. ಹೊರಡುವ ಮೊದಲು ಬೆಳಗ್ಗೆ ಆರಕ್ಕೆ ಸೆಂಟ್ರಲ್ ಪಾರ್ಕ್ ಪಕ್ಕದ ಅಗಲ ರಸ್ತೆಯಲ್ಲಿ ಅಪ್ಪ ಹೇಳಿಕೊಟ್ಟ ಒಂದು ಪರೀಕ್ಷೆ ಮಾಡಿದ್ದೆ. ನಿಂತಲ್ಲೇ ಎಂಜಿನ್ ಚಾಲೂ ಮಾಡಿದರೆ ನಡುಕ ಉಂಟು. ಅರವತ್ತರ ವೇಗಕ್ಕೆ ಹೋದಾಗ ಆ ನಡುಕವಿಲ್ಲ, ಕಾಲಡಿಯಲ್ಲಿ ಬೇರೆ ಒಂದು ಗುಂಯ್ ಎನ್ನುವ ಕಂಪನ. ಆಗ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಕಾರನ್ನು ಹಾಗೇ ಹೋಗಲು ಬಿಟ್ಟೆ. ಎಂಜಿನ್ ವೇಗ ಇಳಿಯಿತು, ಕಾಲಡಿಯ ಗುಂಯ್ ಇಳಿಯಲಿಲ್ಲ. ಅಂದರೆ ಎರಡನೆಯದು ಎಂಜಿನ್‌ನದಲ್ಲ, ಚಕ್ರ ಅಥವಾ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನದು. ಒಂದು ಕಾಯಿಲೆ ಅಂದುಕೊಂಡದ್ದು ಎರಡು ಕಾಯಿಲೆ. ಗ್ಯಾರೇಜಿನ ಹುಡುಗ ಕಾರನ್ನು ಓಡಿಸಿ ನೋಡಿರಲೇ ಇಲ್ಲ.

ಉಸ್ತಾದರಿಗೆ ಅಪ್ಪನಿಗಿಂತ ನಾಲ್ಕೈದು ವರ್ಷ ಕಡಿಮೆ ವಯಸ್ಸಿರಬಹುದು. ಜೀವಮಾನವೆಲ್ಲ ಟ್ಯಾಕ್ಸಿ ಬಿಚ್ಚಿದವರು. ಈಗ ಮಗನ ಬೈಕ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಅಪ್ಪನನ್ನು ಕಂಡು "ಆವೊ ಶೇಟ್" ಅಂದರು. ಹೋಟೆಲು ಮುಚ್ಚಿ ಹದಿನೈದು ವರ್ಷವಾದರೂ ಅಪ್ಪ ಅಲ್ಲಿ ಶೇಟ್. ಚಹಾ ತರಿಸಿ, ಇಬ್ಬರ ಬಿಪಿ ಸಕ್ಕರೆಯ ವರದಿ ಮುಗಿಸಿ, ಆಮೇಲೆ ಬಾನೆಟ್ ಎತ್ತಿದರು.

ಮೊದಲು ಅವರು ಏನನ್ನೂ ಮುಟ್ಟಲಿಲ್ಲ. ಎಂಜಿನ್ ಚಾಲೂ ಮಾಡಿಸಿ ಸೈಲೆನ್ಸರ್ ಪೈಪಿನ ಹತ್ತಿರ ಕೈ ಹಿಡಿದು ನಿಂತರು. ಹೊಗೆ ಒಂದೇ ಸಮ ಬರುತ್ತಿಲ್ಲ, ತಡೆತಡೆದು ಬರುತ್ತಿದೆ ಎಂದು ನನ್ನ ಕೈಯನ್ನೂ ಹಿಡಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು, ಕೆಳಗೆ ಕ್ರ್ಯಾಂಕ್ ಶಾಫ್ಟಿನ ಬೇರಿಂಗು ಬಡಿಯುತ್ತಿದೆಯೇ ಎಂದು ಕೇಳಿದರು. ಬಡಿತವಿರಲಿಲ್ಲ. ಅದು ದೊಡ್ಡ ಸಮಾಧಾನ, ಕ್ರ್ಯಾಂಕಿನವರೆಗೆ ಕೆಲಸ ಹೋದರೆ ಹುಡುಗ ಹೇಳಿದ ತೊಂಬತ್ತು ಸಾವಿರವೇ.

ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಹಳೆಯ ಟೈರಿನ ತುಂಡಿನಿಂದ ಹಿಡಿದು ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಿತ್ತರು. ಈ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರು. 68 ಮಿಲಿಮೀಟರ್ ಅಗಲ, ಪಿಸ್ಟನ್ ಓಡುವ ಉದ್ದ 75, ಒಟ್ಟು 1089 ಸಿಸಿ. ಬೆಂಕಿ ಹತ್ತುವ ಕ್ರಮ ಒಂದು, ಮೂರು, ನಾಲ್ಕು, ಎರಡು. ನಾಲ್ಕೂ ಸಮನಾಗಿ ಒದ್ದರೆ ಕಾರು ತಣ್ಣಗಿರುತ್ತದೆ. ಕೆಲಸ ಮಾಡುವ ಸಿಲಿಂಡರಿನ ವಯರು ಕಿತ್ತರೆ ಎಂಜಿನ್ ಕುಸಿಯಬೇಕು. ಮೊದಲನೆಯದು ಕಿತ್ತಾಗ ಕುಸಿಯಿತು. ನಾಲ್ಕನೆಯದಕ್ಕೂ ಕುಸಿಯಿತು. ಎರಡನೆಯದು, ಮೂರನೆಯದು ಕಿತ್ತಾಗ ಹೆಚ್ಚೇನೂ ಆಗಲಿಲ್ಲ. ಆ ಎರಡು ಸಂಬಳ ತೆಗೆದುಕೊಂಡು ಕೆಲಸ ಮಾಡದ ನೌಕರರು ಅಂದರು ಉಸ್ತಾದರು.

ಪ್ಲಗ್ ಹೊಸದು, ಕಿಡಿ ಬರುತ್ತಿದೆ. ಹಾಗಾದರೆ ಗಾಳಿ ಒತ್ತಡ ನೋಡಬೇಕು. ಮಗ ಕಂಪ್ರೆಷನ್ ಗೇಜ್ ತಂದ. ಒಂದು ಮತ್ತು ನಾಲ್ಕು 120ರ ಆಸುಪಾಸು ತೋರಿಸಿದವು. ಎರಡು, ಮೂರು 70ನ್ನೂ ಮುಟ್ಟಲಿಲ್ಲ. ಅಲ್ಲಿಗೇ ನಿಲ್ಲಲಿಲ್ಲ ಅವರು. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ ರಿಂಗ್ ಸವೆದಿದ್ದರೆ ಎಣ್ಣೆ ಆ ಸಂದನ್ನು ಮುಚ್ಚಿ ಒತ್ತಡ ಏರುತ್ತದೆ. ಏರಲಿಲ್ಲ. ರಿಂಗ್ ಅಲ್ಲ, ಬೋರ್ ಅಲ್ಲ. ಅಕ್ಕಪಕ್ಕದ ಎರಡೇ ಸಿಲಿಂಡರು ಒಟ್ಟಿಗೆ ಸೋತಿವೆ ಎಂದರೆ ಅವುಗಳ ನಡುವಿನ ಗೋಡೆ ಒಡೆದಿದೆ. "ಗ್ಯಾಸ್ಕೆಟ್ ಗಯಾ" ಅಂದರು. ನನ್ನ ಕಡೆ ತಿರುಗಿ, "ಬೇಸಿಗೆಯಲ್ಲಿ ಕಾರು ಕುದಿದಿತ್ತಾ?" ಎಂದು ಕೇಳಿದರು.

ಕುದಿದಿತ್ತು. ಮೇ ತಿಂಗಳಲ್ಲಿ ಸಯನ್–ಪನ್ವೇಲ್ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಾಗ ಮುಳ್ಳು ಕೆಂಪಿಗೆ ಹೋದದ್ದನ್ನು ನೋಡಿಯೂ, ಇನ್ನೆರಡು ಕಿಲೋಮೀಟರ್ ಎಂದು ಓಡಿಸಿದವನು ನಾನು. ಈ ಎಂಜಿನ್‌ನ ಕೆಳಗಿನ ಬ್ಲಾಕು ಬೀಡು ಕಬ್ಬಿಣ, ಮೇಲಿನ ಹೆಡ್ಡು ಅಲ್ಯೂಮಿನಿಯಂ. ಕುದಿದರೆ ಅಲ್ಯೂಮಿನಿಯಂ ಬಾಗುತ್ತದೆ. ಬಾಗಿದ ಕಡೆ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಅಪ್ಪನಿಗೆ ನಾನು ಆ ದಿನ ಏನೂ ಹೇಳಿರಲಿಲ್ಲ. ಈಗ ಅವರು ನನ್ನ ಮುಖ ನೋಡಿದರು, ಚಹಾ ಕುಡಿದರು.

ಕೊನೆಯ ಪರೀಕ್ಷೆ ಮೌಂಟಿಂಗಿನದು. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಲು ಹೇಳಿದರು. ಎಂಜಿನ್ ಒಂದು ಬದಿಗೆ ಎದ್ದು ಕೂತಿತು. ಎಂಜಿನ್ನನ್ನು ಹೊತ್ತಿರುವ ರಬ್ಬರು ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಎರಡು ಸಿಲಿಂಡರಿನ ಸೋಮಾರಿತನ ನೇರವಾಗಿ ಕನ್ನಡಿಗೆ ಬರುತ್ತಿದ್ದದ್ದು ಅದರಿಂದ.

ಅಂದಾಜು: ಹೆಡ್ ಬಿಚ್ಚಿ ಮಟ್ಟ ಮಾಡಿಸುವುದು, ವಾಲ್ವ್ ಉಜ್ಜುವುದು, ಗ್ಯಾಸ್ಕೆಟ್, ಮೌಂಟಿಂಗ್, ನೀರಿನ ಮತ್ತು ಪೆಟ್ರೋಲಿನ ರಬ್ಬರ್ ಪೈಪುಗಳು, ಎಲ್ಲ ಸೇರಿ 19 ಸಾವಿರ. ಪೆಟ್ರೋಲಿನ ಪೈಪು ಯಾಕೆಂದರೆ ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್. ಹಳೆಯ ರಬ್ಬರು ಅದನ್ನು ತಡೆಯುವುದಿಲ್ಲ. ಈ ಎಂಜಿನ್ ಹುಟ್ಟಿದ್ದು ಸೀಸದ ಪೆಟ್ರೋಲಿನ ಕಾಲದಲ್ಲಿ. 2000ದ ಫೆಬ್ರುವರಿಯಲ್ಲಿ ದೇಶದಲ್ಲೆಲ್ಲ ಸೀಸ ಹೋಯಿತು, ಒಳ್ಳೆಯದೇ ಆಯಿತು, ನಮ್ಮ ಮಕ್ಕಳ ರಕ್ತಕ್ಕೆ. ವಾಲ್ವಿನ ಕೂಡುಜಾಗ ಮಾತ್ರ ಬೇಗ ಸವೆಯತೊಡಗಿತು. ಕಾರಿಗೆ ವಯಸ್ಸಾಗುವುದು ಒಳಗಿನಿಂದಷ್ಟೇ ಅಲ್ಲ, ಸುತ್ತಲಿನ ಪೆಟ್ರೋಲು, ಕಾನೂನು, ಪಾರ್ಕಿಂಗು ಬದಲಾದಾಗಲೂ.

"ಕೆಲಸ ನಾನು ಮಾಡುತ್ತೇನೆ. ಸಾಮಾನು ನೀವು ಹುಡುಕಿ" ಅಂದರು ಉಸ್ತಾದರು.

ಹುಡುಕಲು ಹೊರಟಾಗ ಇತಿಹಾಸದ ಉಳಿದ ಭಾಗ ಕಣ್ಣಿಗೆ ಬಿತ್ತು. ಎಲ್‌ಬಿಎಸ್ ಮಾರ್ಗದಲ್ಲಿ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಕೊಹಿನೂರ್ ಸಿಟಿಯ ಎತ್ತರದ ಕಟ್ಟಡಗಳು. ಪ್ರೀಮಿಯರ್ ರೋಡ್ ಎಂಬ ಹೆಸರೊಂದು ಉಳಿದಿದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಂದಿನಿಂದ ಇಳಿಜಾರು ಶುರುವಾಗಿತ್ತು. ತೊಂಬತ್ತರ ದಶಕದಲ್ಲಿ ಕಂಪನಿ ಫ್ರಾನ್ಸಿನ ಪ್ಯೂಜೊ ಜೊತೆ ಸೇರಿ ಡೊಂಬಿವಲಿ–ಕಲ್ಯಾಣ್ ಕಡೆಯ ಕಾರ್ಖಾನೆಯಲ್ಲಿ ಪ್ಯೂಜೊ 309 ತಯಾರಿಸಿತು. ದಶಕ ಮುಗಿಯುವ ಮೊದಲೇ ಪ್ಯೂಜೊ ಹೊರಟುಹೋಯಿತು. ಡೊಂಬಿವಲಿಯಲ್ಲಿ ಚುನಾವಣೆ ಸಭೆ ನಡೆಯುವ ಪ್ರೀಮಿಯರ್ ಮೈದಾನದ ಹೆಸರು ಎಲ್ಲಿಂದ ಬಂತು ಎಂದು ಅಲ್ಲಿನ ಹುಡುಗರನ್ನು ಕೇಳಿ ನೋಡಿ. ಕುರ್ಲಾ ಕಾರ್ಖಾನೆ ಫಿಯೆಟ್ ಕೈಗೆ ಹೋಗಿ ಅಲ್ಲಿ ಊನೊ ತಯಾರಾಯಿತು. ಪದ್ಮಿನಿ 2000ದ ಹೊತ್ತಿಗೆ ನಿಂತಿತು.

ನಿಂತ ಮೇಲೂ ನಮಗೆ ತೊಂದರೆಯಾಗಲಿಲ್ಲ ಎಂಬುದನ್ನು ಗಮನಿಸಬೇಕು. ಟ್ಯಾಕ್ಸಿಗಳಿದ್ದವು. ಟ್ಯಾಕ್ಸಿಗೆ 2008ರಲ್ಲಿ 25 ವರ್ಷದ ಮಿತಿ ಬಂತು, 2013ರಲ್ಲಿ ಅದು 20ಕ್ಕೆ ಇಳಿಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಲೆಕ್ಕ ಹಾಕಿದರೆ 2023ರ ಅಕ್ಟೋಬರ್ 30ರಿಂದ ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿಯಿಲ್ಲ. ಪತ್ರಿಕೆಗಳು ಅದನ್ನು ನೆನಪಿನ ವಿಷಯವಾಗಿ, ಹಳೆಯ ಸಿನಿಮಾದ ವಿಷಯವಾಗಿ ಬರೆದವು. ನನಗೆ ಅದು ಗ್ಯಾಸ್ಕೆಟ್ಟಿನ ವಿಷಯ. ಕಾರ್ಖಾನೆ ಮುಚ್ಚಿದಾಗ ಸಾಯದ ಕಾರು ಟ್ಯಾಕ್ಸಿ ನಿಂತಾಗ ಸಾಯತೊಡಗಿತು. ಸಿಎಸ್‌ಟಿ ರೋಡಿನ ಹಳೆ ಸಾಮಾನಿನ ಸಾಲಿನಲ್ಲಿ ಐದು ಅಂಗಡಿಯವರು ಇಲ್ಲವೆಂದರು, ಆರನೆಯವರು ಹಿಂದಿನ ಗೋದಾಮಿನಿಂದ ಒಂದು ಜೊತೆ ಮೌಂಟಿಂಗ್ ತಂದರು. ರಬ್ಬರು ಇಟ್ಟಲ್ಲೇ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಒಪೆರಾ ಹೌಸಿನ ಅಂಗಡಿಯೊಂದರಲ್ಲಿ ಹೆಡ್ ಗ್ಯಾಸ್ಕೆಟ್ ಸಿಕ್ಕಿತು, ಎರಡೇ ಉಳಿದಿದ್ದವು. ಒಂದು ಸಾಕಿತ್ತು, ಎರಡನ್ನೂ ಕೊಂಡೆ. ಅಂಗಡಿಯವರು ಬಿಲ್ ಬರೆಯುತ್ತಾ, ಇನ್ನು ಈ ಡ್ರಾಯರಿಗೆ ಬೇರೆ ಸಾಮಾನು ಇಡಬಹುದು ಅಂದರು. ಮೌಂಟಿಂಗನ್ನು ಕೊನೆಗೆ ತಲೋಜಾ ಎಂಐಡಿಸಿಯ ಒಬ್ಬ ಸಣ್ಣ ರಬ್ಬರ್ ಕೆಲಸದವರು ಹಳೆಯ ಕಬ್ಬಿಣದ ತಟ್ಟೆಗಳಿಗೇ ಹೊಸ ರಬ್ಬರು ಅಂಟಿಸಿಕೊಟ್ಟರು. ಖಾರಘರದಿಂದ ಅರ್ಧ ಗಂಟೆ ದೂರ, ನಾನು ಮುಂಬಯಿ ಎಲ್ಲ ಸುತ್ತಿದ್ದೆ!

ಈ ಓಡಾಟದ ನಡುವೆಯೇ ಬೇರೆ ಸಲಹೆಗಳು ಬಂದವು. ಒಬ್ಬ ಗೆಳೆಯ, ಬೇರೆ ಕಾರಿನ ಎಂಜಿನ್ ಕೂರಿಸಿಬಿಡು, ನೆಮ್ಮದಿ ಅಂದ. ಎಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ದಾಖಲೆ. ಇನ್ನೊಂದು ಮಾತೂ ಇತ್ತು. 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಮೂಲರೂಪ ಕಳೆದುಕೊಳ್ಳದ ಕಾರಿಗೆ ಬೇರೆಯೇ ನೋಂದಣಿ ಇದೆ. ನಮ್ಮ ಕಾರಿಗೆ ಆ ಯೋಗ ಬರುವುದು 2035ರಲ್ಲಿ. ಹೇಳಿದಾಗ ಅಪ್ಪ ನಕ್ಕರು: "ಆಗ ನನಗೆ ತೊಂಬತ್ತೊಂದು. ನಾನೂ ಮೂಲರೂಪದಲ್ಲೇ ಇದ್ದರೆ ನನ್ನನ್ನೂ ಬರೆಸು." ಆದರೆ ವಿಂಟೇಜ್ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ಅಪ್ಪನಿಗೆ ಕಾರು ಬೇಕಾದದ್ದು ಪ್ರದರ್ಶನಕ್ಕಲ್ಲ. ಕೊಂಕಣ ರೈಲು ಇಲ್ಲದ ಕಾಲದಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ಗೋವಾ ದಾಟಿ ಊರಿಗೆ ಒಯ್ದ ಕಾರು ಅದು. ಈಗ ಬ್ಯಾಂಕಿಗೆ, ತರಕಾರಿಗೆ, ಸಂಘದ ಕಾರ್ಯಕ್ರಮಕ್ಕೆ ಅದರ ಮುಂದಿನ ಸೀಟಿನಲ್ಲಿ ಕೂತು ಹೋಗುವುದು ಅವರಿಗೆ ರೂಢಿ. ಹೊಸ ಕಾರಿನ ಸೀಟು ತಗ್ಗು, ಏಳಲಾಗುವುದಿಲ್ಲ ಎಂದು ದೂರು.

ನಿರ್ಧಾರವನ್ನು ನಾನು ಒಬ್ಬನೇ ಮಾಡಲಿಲ್ಲ. ಲೆಕ್ಕವನ್ನು ಹೆಂಡತಿಯ ಮುಂದಿಟ್ಟೆ: ರಿಪೇರಿ 19, ನೋಂದಣಿ 10, ಮೇಲೆ ಪರಿಸರ ತೆರಿಗೆ, ವಿಮೆ. ಕಾರಿಗೆ ಸಿಗುವ ಬೆಲೆಗಿಂತ ಖರ್ಚು ಹೆಚ್ಚು. ಅವಳು ಕಾಗದವನ್ನು ಎರಡು ಸಲ ಓದಿದಳು. "ಐದು ವರ್ಷಕ್ಕೆ ಅಲ್ಲವಾ? ಮಾಡಿಸಿ. ಆದರೆ ಪೇಂಟು, ಸೀಟು, ಕ್ರೋಮು ಅಂತ ಶುರು ಮಾಡಬೇಡಿ. ಮತ್ತೆ ಮಳೆಗಾಲದಲ್ಲಿ ಪಾರ್ಕಿಂಗ್ ಹೊಸ ಕಾರಿಗೆ" ಅಂದಳು. ಮಾವನಿಗೆ ಅದನ್ನು ಹೇಳುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಅಪ್ಪ ಮರುಮಾತಾಡದೆ ಒಪ್ಪಿದರು. ಪದ್ಮಿನಿಗೆ ಹೊದಿಸಲು ದಪ್ಪ ಟಾರ್ಪಾಲ್ ಬೇಕು ಅಂದರು, ಅಷ್ಟೇ.

ನವೆಂಬರಿನ ಎರಡನೆಯ ವಾರ ಹೆಡ್ ಕೂತಿತು. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ, ಒಂದೇ ಸಲ ಪೂರ್ತಿ ಬಿಗಿಯದೆ ಮೂರು ಸುತ್ತಿನಲ್ಲಿ ಬಿಗಿದರು ಉಸ್ತಾದರು. ಟಾರ್ಕ್ ಪಾನಾ ಹಿಡಿದದ್ದು ಮಗ, ಎಣಿಸಿದ್ದು ಅವರು. ಅವನು ಇದೇ ಮೊದಲ ಸಲ ಫಿಯೆಟ್ಟಿನ ಹೆಡ್ ಬಿಗಿಯುತ್ತಿದ್ದದ್ದು. ಚಾಲೂ ಮಾಡಿದಾಗ ಅಪ್ಪ ಸೀಟಿನಿಂದ ಕೈಚಾಚಿ ಡ್ಯಾಶ್‌ಬೋರ್ಡ್ ಮೇಲೆ ಒಂದು ರೂಪಾಯಿ ಇಟ್ಟರು. ಅದು ಇದ್ದಲ್ಲೇ ಇತ್ತು.

ಆರ್‌ಸಿಯಲ್ಲಿ ಈಗ 2030ರ ಡಿಸೆಂಬರ್ ಎಂದಿದೆ. ಅರವತ್ತರ ಮೇಲಿನ ಗುಂಯ್ ಇನ್ನೂ ಹೋಗಿಲ್ಲ. ಅದು ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗಿನದು ಎಂದು ಉಸ್ತಾದರು ಕೆಳಗೆ ಮಲಗಿ ನೋಡಿ ಹೇಳಿದರು. ಬೇರಿಂಗ್ ಸಿಗಬಹುದು, ಅದನ್ನು ಹಿಡಿದಿರುವ ರಬ್ಬರಿನ ಬಳೆ ಸಿಗುತ್ತಿಲ್ಲ. ತಲೋಜಾದವರಿಗೆ ಹಳೆಯದನ್ನು ಮಾದರಿಗೆ ಕೊಟ್ಟು ಬಂದಿದ್ದೇನೆ. ಅಲ್ಲಿಯವರೆಗೆ ಐವತ್ತೈದನ್ನು ದಾಟುವುದಿಲ್ಲ.